ಬೆಡ್ಡಿನ ಮೇಲೆ ನಿಂತ ತೊಲೆ

ಹೆಸರು ಶಿವಲೀಲಾ, ಗಂಡ ಈಶ್ವರ್, ವಯಸ್ಸು 45, ಮನೆಯಲ್ಲೇ ಜೀನ್ಸ್ ಪ್ಯಾಂಟ್ ಹೊಲಿಯುವ ಕೆಲಸ, ವಾಸ ಕೋಟೆ ಕಡೆಯ ಓಣಿ, ರಾಯದುರ್ಗ, ಅನಂತಪುರ ಜಿಲ್ಲೆ. ತೆಲುಗು ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಆದ್ದರಿಂದ ಠಾಣೆಗೆ ಖುದ್ದಾಗಿ ಬಂದು ಕನ್ನಡದಲ್ಲಿ ಹೇಳಿ ಬರೆಸುವುದೇನೆಂದರೆ:

ನಮ್ಮದು ಮಣ್ಣಿನ ಮಾಳಿಗೆ ಮನೆ. ಆರು ವರ್ಷದ ಹಿಂದೆ ನನ್ನ ಗಂಡನೂ ಮೈದುನ ಮುತ್ತುರಾಜನೂ ಭಾಗವಾದಾಗ ನಡುವೆ ಗೋಡೆ ಎದ್ದಿತು. ಮಾಳಿಗೆ ಹೊತ್ತ ತೊಲೆ ಮಾತ್ರ ಒಂದೇ. ಅರ್ಧ ಅವನ ಕಡೆ, ಅರ್ಧ ನಮ್ಮ ಕಡೆ. ಅದಕ್ಕೆ ಆಸರೆಯಾಗಿದ್ದ ಬೇವಿನ ಕಂಬ ಮುತ್ತುರಾಜನ ಕೋಣೆಯ ನಡುವೆ ಇತ್ತು. ಭಾಗಪತ್ರದಲ್ಲಿ ಕಂಬ ಅವನದೆಂದೇ ಇದೆ. ಈಗ ಏನು ಕೇಳಿದರೂ ಆ ಪತ್ರ ತೋರಿಸುತ್ತಾನೆ.

ಮುತ್ತುರಾಜ್ ಬಡಗಿ, ವಯಸ್ಸು 34, ಮದುವೆಯಾಗಿಲ್ಲ. ಜನವರಿ 9ರಂದು ಬೆಳಿಗ್ಗೆ 10 ಗಂಟೆಗೆ ಬಂದು, ಹನ್ನೊಂದು ಅಡಿ ಉದ್ದ, ಆರು ಅಡಿ ಅಗಲದ ಬೆಡ್ ಮಾಡುತ್ತಿದ್ದೇನೆಂದು ತಿಳಿಸಿದ. ಅಂತೂ ಮದುವೆಗೆ ಮನಸ್ಸು ಮಾಡಿದನಲ್ಲ ಎಂದು ನನಗೆ ಖುಷಿಯಾಯಿತು. ಅಷ್ಟು ದೊಡ್ಡ ಮಂಚಕ್ಕೆ ಎಷ್ಟು ಜನ ಹೆಂಡಿರೆಂದು ತಮಾಷೆಯನ್ನೂ ಮಾಡಿದೆ. ಅದು ಮಂಚವಲ್ಲ, ಕಂಪ್ಯೂಟರಿನ ಚಿತ್ರ ನೋಡಿ ಮರ ಕೊರೆಯುವ ಸಿಎನ್‌ಸಿ ಮಷಿನ್ ಕೂರಿಸುವ ಕಬ್ಬಿಣದ ಚೌಕಟ್ಟು ಎಂದು ಅವನು ವಿವರಿಸಿದ. ಮಡಕಶಿರದ ಕಲ್ಯಾಣ ಮಂಟಪವೊಂದಕ್ಕೆ ಹತ್ತಡಿ ಎತ್ತರದ ಬಾಗಿಲು ಒಪ್ಪಿಕೊಂಡಿದ್ದನಂತೆ. ಸಿದ್ಧವಾಗಿ ಸಿಗುವ ಬೆಡ್ ಅದಕ್ಕೆ ಸಾಲುವುದಿಲ್ಲವಂತೆ. ಹೊರಗೆ ಮಾಡಿದರೆ ಬಾಗಿಲಲ್ಲಿ ತೂರುವುದಿಲ್ಲವೆಂದು ಕೋಣೆಯೊಳಗೇ ವೆಲ್ಡಿಂಗ್ ಮಾಡಿಸಿದ.

ಫೆಬ್ರವರಿ 7ರಂದು ನನ್ನ ಮಗಳು ಮಂಜುಳಾಗೆ ಹೆಣ್ಣು ಕೂಸು ಹುಟ್ಟಿತು. 18ರಂದು ನಮ್ಮ ಕಡೆಯ ತೊಲೆಗೆ ತೊಟ್ಟಿಲು ಕಟ್ಟಿದೆವು. ಮುತ್ತುರಾಜನೇ ಏಣಿ ಹತ್ತಿ ಹಗ್ಗ ಬಿಗಿದ. ಕೂಸಿನ ಮೇಲೆ ಅವನಿಗೆ ಪ್ರೀತಿ ಇಲ್ಲವೆಂದು ನಾನು ಹೇಳುವುದಿಲ್ಲ.

24ರಂದು ಮಧ್ಯಾಹ್ನ ನಾನು ಅವನ ಕೋಣೆಗೆ ಹೋದಾಗ ಕಂಬ ಇರಲಿಲ್ಲ. ಬೆಡ್ಡಿನ ಎರಡೂ ಪಕ್ಕಕ್ಕೆ ಕಬ್ಬಿಣದ ಕಾಲು ಬೆಸೆದು, ಅವುಗಳ ಮೇಲೆ ಅಡ್ಡ ಕಬ್ಬಿಣ ಹಾಕಿ, ಅದರ ಮೇಲೆ ತೊಲೆ ಕೂರಿಸಿದ್ದ. ಇದೇನೆಂದು ಕೇಳಿದ್ದಕ್ಕೆ ಅವನು, "ಏನಾಗಂಗಿಲ್ಲ ಅತ್ತಿಗಿ. ಮಾಳಗಿ ಭಾರ ಬಿದ್ರ ಬೆಡ್ ಅಲುಗಂಗಿಲ್ಲ. ಅದಕ್ಕ ಇದು, ಇದಕ್ಕ ಅದು" ಎಂದು ನಕ್ಕ. ಮಷಿನ್ ನಡುಗದಿರಲೆಂದು ಮನೆಯನ್ನೇ ಅದರ ಮೇಲೆ ಹೇರಿದ್ದ. ಮಷಿನ್ ನಡುಗಿದರೆ ಮನೆಯ ಗತಿಯೇನೆಂದು ಕೇಳಿದೆ. ಅವನು ಭಾಗಪತ್ರ ತಂದ.

ಮಾರ್ಚ್ 4ರಂದು ಬೆಳಿಗ್ಗೆ 11:10ಕ್ಕೆ ಮೊದಲ ಸಲ ಮಷಿನ್ ಓಡಿಸಿ ನೋಡಿದ. ಆಗ ಕೂಸು ಮಂಜುಳಾಳ ಮಡಿಲಲ್ಲಿತ್ತು. ಒಳಗಿನಿಂದ ನನ್ನ ಅತ್ತೆ ಉಜ್ಜಿನಮ್ಮ, "ಯಾರದು, ಬರಿ ತೊಟ್ಲು ತೂಗೋರು? ಕೂಸಿಗೆ ಕೇಡು" ಎಂದು ಬೈದರು. ಯಾರೂ ತೂಗುತ್ತಿರಲಿಲ್ಲ. ತೊಟ್ಟಿಲು ತಾನಾಗಿಯೇ ತೂಗುತ್ತಿತ್ತು. ಹನ್ನೆರಡು ನಿಮಿಷ ತೂಗಿತು. ಮೇಲಿಂದ ಮಣ್ಣು ಉದುರಿತು.

ಮಷಿನ್ ನಿಂತ ಮೇಲೆ ನೋಡಿದರೆ ತೊಲೆಯ ಕೆಳಗೆ ಗೋಡೆ ಬಿರುಕು ಬಿಟ್ಟಿತ್ತು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಬಿರುಕಿನ ತುದಿಗೆ ಗೆರೆ ಎಳೆದು, ಟೇಪಿನಲ್ಲಿ ಅಳೆದೆ. ಆರು ಇಂಚು. ಈ ದಿನ ಬೆಳಿಗ್ಗೆ ಅಳೆದಾಗ ಹತ್ತೂವರೆ. ಇಪ್ಪತ್ತು ವರ್ಷ ಬಟ್ಟೆ ಅಳೆದವಳು ನಾನು, ಅರ್ಧ ಇಂಚೂ ತಪ್ಪುವುದಿಲ್ಲ.

ಈ ದಿನ ಮಧ್ಯಾಹ್ನ 3:30ರಿಂದ ಬಾಗಿಲು ಕೊರೆಯಲು ಶುರುಮಾಡುವುದಾಗಿಯೂ, ಆರು ಗಂಟೆ ಕಾಲ ನಿಲ್ಲಿಸಲು ಬರುವುದಿಲ್ಲವೆಂದೂ ಮುತ್ತುರಾಜ್ ತಿಳಿಸಿದ. ನನ್ನ ಗಂಡ ಲಾರಿಯಲ್ಲಿ ಹಿಂದೂಪುರಕ್ಕೆ ಹೋಗಿದ್ದಾರೆ. ಪಕ್ಕದ ಮನೆಗಾದರೂ ಹೋಗಿರೋಣ ಎಂದರೆ, ಬಾಣಂತಿ ಹೊಸ್ತಿಲು ದಾಟಬಾರದೆಂದು ಅತ್ತೆ ಬಾಗಿಲಿಗೆ ಅಡ್ಡ ಕುಳಿತರು. ತೊಟ್ಟಿಲಾದರೂ ಬಿಚ್ಚುತ್ತೇನೆ ಎಂದೆ, ಅದಕ್ಕೂ ಬಿಡಲಿಲ್ಲ. ಕೊನೆಗೆ ಕೂಸನ್ನು ತೊಲೆಯಿಂದ ಒಂಬತ್ತು ಅಡಿ ದೂರ ಚಾಪೆಯ ಮೇಲೆ ಮಲಗಿಸಿ, ತೊಟ್ಟಿಲಿಗೆ ಹಾಕಬೇಡವೆಂದು ಮಂಜುಳಾಗೆ ಆಣೆ ಹಾಕಿ, 3:20ಕ್ಕೆ ಮನೆ ಬಿಟ್ಟು ನಡೆದು ಠಾಣೆಗೆ ಬಂದೆ. ಮೈದುನನನ್ನು ಜೈಲಿಗೆ ಹಾಕಿರೆಂದು ನಾನು ಕೇಳುತ್ತಿಲ್ಲ. ಮಷಿನ್ ನಿಲ್ಲಿಸಿದರೆ ಸಾಕು. ನನಗೆ ಬಹಳ ಭಯವಾಗಿದೆ.

ಇಷ್ಟು ಬರೆಸುವಾಗ, 4:10ಕ್ಕೆ, ಮಂಜುಳಾಳ ಫೋನ್ ಬಂತು. ಫೋನಿನಲ್ಲಿ ಮಷಿನ್ ಸದ್ದೂ ಕೇಳುತ್ತಿತ್ತು. ಅವಳು ಹೇಳಿದ್ದು: "ಗಾಬರಿ ಆಗಬ್ಯಾಡ ಅವ್ವಾ. ಬರಿ ತೊಟ್ಲು ತೂಗಾಕತ್ತಿತ್ತು. ಬರಿದು ತೂಗಬಾರದಂತ ಅಜ್ಜಿ ಕೂಸಿನ್ನ ಒಳಗ ಮಲಗಿಸ್ಯಾಳ. ಯಾರೂ ತೂಗೋದು ಬ್ಯಾಡ, ಛಂದ ನಿದ್ದಿ ಮಾಡಾಕತ್ತೈತಿ."

ಮೇಲೆ ಬರೆಸಿದ್ದೆಲ್ಲ ನಾನೇ ಕಂಡು ಕೇಳಿದ್ದು, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ರಾಯದುರ್ಗ
ದಿನಾಂಕ: 6-3-2025, ಸಮಯ 4:12
ಸಹಿ: (ಬರೆದದ್ದನ್ನು ಓದಿ ಕೇಳಿಸುವ ಮೊದಲೇ ಹೇಳಿಕೆ ಕೊಟ್ಟವರು ಎದ್ದು ಓಡಿದ್ದರಿಂದ ಸಹಿ ಪಡೆದಿಲ್ಲ. ಚಪ್ಪಲಿ ಠಾಣೆಯ ಬಾಗಿಲಲ್ಲೇ ಇವೆ.)