ಪಾಯಿಂಟಿನ ಮೇಲೆ ಒಡೆದ ಕಾಯಿ

...ಅಲ್ಲ ಕಣೋ, ಹಳಿ ತಪ್ಪಿದ್ದಕ್ಕೆ ರೈಲನ್ನ ಯಾಕೆ ಬಯ್ತೀಯ, ಹಳಿ ಕವಲೊಡೆಯೋ ಈ ಪಾಯಿಂಟು ನೋಡು. ನಿನ್ನ ಆಟದ ಹಳೀಲೂ ಇದೇ ಪಾಯಿಂಟು, ನಿಮ್ಮಜ್ಜ ನಾನು ಮೊದಲ್ನೇ ಕೆಲ್ಸಕ್ಕೆ ಸೇರಿ ಮೈಸೂರು ಯಾರ್ಡಲ್ಲಿ ಹಳಿ ಬದಲಾಯಿಸೋ ಲಿವರ್ ಎಳೀತಿದ್ದಾಗ್ಲೂ ಇದೇ ಪಾಯಿಂಟು. ಬಗ್ಗು. ಎರಡು ಚೂಪು ನಾಲಿಗೆ ಅವೆ, ಕಾಣ್ತಾ? ಒಂದು ಈ ಕಡೆ ಕಂಬಿಗೆ ಅಂಟ್ಕೊಂಡ್ರೆ ಇನ್ನೊಂದು ಆ ಕಡೆ ಕಂಬಿ ಬುಟ್ಟು ನಿಲ್ತದೆ, ಚಕ್ರದ ಅಂಚು ಆ ಸಂದೀಲಿ ನುಗ್ಗಿ ಗಾಡಿ ತಿರುಗ್ತದೆ. ಅಂಟ್ಕೋಬೇಕಾದ್ದು ಒಂಚೂರು ದೂರ ನಿಂತ್ತೋ, ಮುಂದಿನ ಚಕ್ರ ಒಂದು ದಾರಿ, ಹಿಂದಿನದು ಇನ್ನೊಂದು ದಾರಿ. ನೀನು ಬಿದ್ದ ರೈಲನ್ನ ಎತ್ತಿಡ್ತೀಯ. ನಮ್ದು ಹಂಗಲ್ಲವಲ್ಲ. ನಂಗೆ ನಿದ್ದೇಲೂ ಅದೇ, ಅಂಟ್ಕೊಂಡಿತ್ತಾ ಇಲ್ವಾ ಅಂತ ಎದ್ದು ಕೂತ್ಬುಡ್ತಿದ್ದೆ.

ಒಂದ್ಸಲ ಆಯುಧಪೂಜೆ ದಿವ್ಸ. ನನಗಿಂತ ಹಿರಿಯ ಪಾಯಿಂಟ್ಸ್‌ಮನ್ ಬಸಪ್ಪಣ್ಣ, ಭಾರಿ ಭಕ್ತರು. ಲಿವರ್ ತೊಳೆದು ವಿಭೂತಿ ಬಳಿದು, ಸೇವಂತಿಗೆ, ಅಲ್ಲ, ಸೇವಂತಿಗೆ ಇಂಜಿನ್ನಿಗೆ, ನಮಗೆ ಬರೀ ಚೆಂಡುಹೂವ, ಅದನ್ನ ನಾಲಿಗೆ ಮೇಲೆಲ್ಲ ಸುರಿದು, ಕಾಯಿನ ಕಂಬಿ ಮೇಲೇ ಒಡೆದ್ರು. ಅಷ್ಟೊತ್ತಿಗೆ ಖಾಲಿ ಗಾಡಿನ ಪ್ಲಾಟ್‌ಫಾರ್ಮಿಗೆ ತಳ್ಳಕ್ಕೆ ಇಂಜಿನ್ ಹೊರಡ್ತು. ಖಾಲಿ ಅನ್ನೋದು ಹೆಸರಿಗೆ, ದಸರಾ ಜನ ಸೀಟು ಹಿಡಿಯಕ್ಕೆ ಯಾರ್ಡಲ್ಲೇ ಹತ್ತಿ ಕೂತ್ಬುಟ್ಟಿದ್ರು, ಮಕ್ಳು ಮರಿ ಎಲ್ಲ. ತವರಿಗೆ ಹೊರಟಿದ್ದ ನಿಮ್ಮಜ್ಜೀನೂ ಅದ್ರಲ್ಲೇ, ಮೊದಲ್ನೇ ಡಬ್ಬಿ. ಇಂಜಿನ್ ಹಿಂದೆ, ಡಬ್ಬಿಗಳು ಮುಂದೆ, ಡ್ರೈವರಿಗೆ ಹಳಿನೇ ಕಾಣಲ್ಲ. ಲಿವರ್ ಎಳೆದೆ, ಬಂತು, ಆದ್ರೆ ಕೈಗೆ ಯಾಕೋ ಸರಿ ಅನ್ನಿಸ್ಲಿಲ್ಲ. ಹಸಿರು ಬಾವುಟ ತೋರ್ಸೋ ಮುಂಚೆ ಬಗ್ಗಿ ನಾಲಿಗೆ ನೋಡ್ಬೇಕು, ಅದು ನಮ್ಮ ಕೆಲ್ಸದ ಕ್ರಮ. ನೋಡಾಣ ಅಂದ್ರೆ ಹೂವಿನ ರಾಶಿ. ತೆಗೀತೀನಿ ಅಂದೆ.

"ಮುಟ್ಬೇಡ ಕಣೋ. ಈಗ ತಾನೆ ಮಂಗಳಾರತಿ ಆಗದೆ, ಪೂಜೆ ಕದಲಿಸಬಾರ್ದು. ಮೇಲಿರೋನು ನೋಡ್ಕೋತಾನೆ," ಅಂತ ಬಸಪ್ಪಣ್ಣ ಹಸಿರು ಬಾವುಟ ಎತ್ತೇಬುಟ್ರು.

ಗಾಡಿ ಉರುಳ್ಕೊಂಡು ಬರ್ತಾ ಅದೆ. ಕೆಂಪು ಬಾವುಟ ಎತ್ಕೊಂಡು ಹಳಿ ಮಧ್ಯ ನಿಂತು, ಕಾಲಲ್ಲೇ ಹೂವ ಒದ್ದೆ, ಕಾಲಲ್ಲೇ ಕಣೋ, ದೇವರ ಹೂವ. ಡ್ರೈವರಿಗೆ ಕಣ್ಣಾಗಿ ಮುಂದಿನ ಡಬ್ಬಿ ಮೆಟ್ಲಲ್ಲಿ ನಿಂತಿದ್ದ ಜಮೇದಾರ ನನ್ನ ನೋಡಿ ಸೀಟಿ ಊದಿ ಊದಿ, ಗಾಡಿ ಕಿರ್ರಂತ ನಿಂತಾಗ ಕೈ ಚಾಚಿದ್ರೆ ಡಬ್ಬಿ ಸಿಗ್ತಿತ್ತು. ಕೆಳಗೆ ನೋಡ್ತೀನಿ, ನಾಲಿಗೆಗೂ ಕಂಬಿಗೂ ಮಧ್ಯ ಕಾಯಿ ಚೂರು, ಚಿಪ್ಪು ಸಮೇತ ಸಿಕ್ಕಾಕೊಂಡದೆ. ಬಸಪ್ಪಣ್ಣ ಜಲ್ಲಿ ಮೇಲೆ ಮಂಡಿಯೂರಿ ಆ ಚೂರನ್ನ ತಾವೇ ಕಿತ್ತು ತೆಗೆದ್ರು. ನಿಮ್ಮಜ್ಜಿ ಕಿಟಕೀಲಿ ತಲೆ ಹಾಕಿ, ಯಾಕ್ರೀ ನಿಲ್ಸುದ್ರಿ, ಲೇಟಾಗಲ್ವ ಅಂತಾವ್ಳೆ. ನಂಗೆ ಅಳು ಬಂದ್ಬುಡ್ತು.

ಮುಂದಿನ ವರ್ಷನೂ ಬಸಪ್ಪಣ್ಣನೇ ಪೂಜೆ ಮಾಡಿದ್ರು, ಅಷ್ಟೇ ಭಕ್ತಿ, ಅಷ್ಟೇ ಹೂವ. ಆರತಿ ತಟ್ಟೆ ಇಳಿಸಿದವರೇ ಪೊರಕೆ ತಗೊಂಡು ತಾವೇ ಗುಡಿಸಿದ್ರು. ಅದಕ್ಕೇ ಹೇಳ್ತೀನಿ, ಪೂಜೆ ಮಾಡಿ, ಬೇಡ ಅನ್ನಲ್ಲ. ಮುಗಿದ್ಮೇಲೆ ಗುಡಿಸಿ, ಬಗ್ಗಿ ನೋಡಿ.