ಮಾಸ್ತರರ ಸೊಟ್ಟ ಸಾಲು

ಅಂದೋಲಾ ಸೀಮೆಯ ಹಿರಿಯರೇ, ತಾಯಂದಿರೇ, ಜೇವರ್ಗಿಯಿಂದ ಬಂದ ಶಿಕ್ಷಕ ಮಿತ್ರರೇ, ತಮ್ಮನನ್ನು ಕಳೆದುಕೊಂಡು ಇಲ್ಲಿ ಮುಂದೆ ಕೂತಿರುವ ಗುರುಶಾಂತಮ್ಮನವರೇ — ಎಲ್ಲರಿಗೂ ಶರಣು, ಸಲಾಂ. ನಾನು ಶಮಶಾದ. ಲಿಂಗೈಕ್ಯ ಚಂದ್ರಾಮ ಮಾಸ್ತರರ ಜೊತೆ ನಿಜಾಮ ಸರಕಾರದ ಒಂದೇ ಶಾಲೆಯಲ್ಲಿ ದುಡಿದವನು. ನಾನು ಉರ್ದು ಕಲಿಸುತ್ತಿದ್ದೆ, ಅವರು ಲೆಕ್ಕ. ಶಾಲೆ ಬಿಟ್ಟ ಮೇಲೆ ನನಗೆ ಕನ್ನಡ ಅಕ್ಷರ ತಿದ್ದಿಸಿದವರೂ ಅವರೇ.

ಅಳುವ ಸಭೆಯಲ್ಲಿ ನನ್ನ ದನಿ ಏರಿದರೆ ಬೇಸರ ಮಾಡಿಕೊಳ್ಳಬೇಡಿ. ಇದು — ನೋಡಿ, ಹಿಂದೆ ಕೂತವರೂ ನೋಡಿ — ಸೊಲ್ಲಾಪುರದ ಅಚ್ಚುಕೂಟದಿಂದ ನಿನ್ನೆ ಬಂದ ಅವರ ಕಾದಂಬರಿ. ಶಾಯಿಯ ವಾಸನೆ ಇನ್ನೂ ಹೋಗಿಲ್ಲ. ಅವರಿಗೆ ನೋಡುವ ಭಾಗ್ಯ ಇರಲಿಲ್ಲ. ಆ ಸಂಕಟ ಒಂದು ಕಡೆ, ಇದನ್ನು ಕೈಯಲ್ಲಿ ಹಿಡಿದ ಹಿಗ್ಗು ಒಂದು ಕಡೆ — ನಾನೇನು ಮಾಡಲಿ ಹೇಳಿ.

ಕಥೆ ನಿಮಗೆ ಗೊತ್ತು. ರಾಶಿಯ ಕಾಲದಲ್ಲಿ ಕಣದಲ್ಲೇ ಕೂತು ಓದಿ ಕೇಳಿಸಿದ್ದರು. ಅಪ್ಪ ಸತ್ತ ಮನೆ. ಅಕ್ಕ ಮದುವೆ ಬೇಡವೆಂದು ಹೊಲಕ್ಕೆ ನಿಲ್ಲುತ್ತಾಳೆ. ತಾನು ನುಚ್ಚು ಉಂಡು, ಓದುವ ತಮ್ಮನಿಗೆ ರೊಟ್ಟಿ ಕಟ್ಟುತ್ತಾಳೆ. ಯಾರ ಕಥೆ ಅಂತ ಕೇಳಬೇಕಾಗಿರಲಿಲ್ಲ; ಆ ಅಕ್ಕ ಅಲ್ಲೇ ಮೊರದಲ್ಲಿ ಜೋಳ ಕೇರುತ್ತಿದ್ದರು.

ಕೊನೆಯಲ್ಲಿ ತಮ್ಮ ಓದು ಮುಗಿಸಿ ಊರಿಗೆ ಬರುತ್ತಾನೆ. ಅಕ್ಕ ಬಿತ್ತುವ ಕೂರಿಗೆಯನ್ನು ಅವನ ಕೈಗೆ ಒಪ್ಪಿಸುತ್ತಾಳೆ. ನಮ್ಮ ಪದ್ಧತಿಯೇ ಅದಲ್ಲವೇ — ಕೂರಿಗೆ ಹೊಡೆಯುವವನು ಮನೆಯ ಗಂಡಸು, ಹಿಂದೆ ನಡೆದು ಅದರ ಬಟ್ಟಲಿಗೆ ಬೀಜ ಬಿಡುವವಳು ಹೆಂಗಸು. ಮೊದಲ ಸಾಲು ಹೊಡೆದವನ ಮಾತೇ ಹೊಲದ ಮಾತು. ಅದಕ್ಕೇ ಮಾಸ್ತರರು ಪ್ರತಿ ಹಿಂಗಾರಿಗೆ ರಜೆ ಹಾಕಿ ಬಂದು ಮೊದಲ ಸಾಲು ಹೊಡೆಯುತ್ತಿದ್ದರು. ಹೇಗೆ ಹೊಡೆಯುತ್ತಿದ್ದರು — ಹೀಗೆ, ಮತ್ತೆ ಹೀಗೆ, ಕೊನೆಗೆ ಬದುವಿಗೇ. ನಗಿರಿ, ನಗಿರಿ, ಅವರೂ ನಗುತ್ತಿದ್ದರು. ಬೆಳೆ ಎದ್ದ ಮೇಲೆ ದಾರಿಯಲ್ಲಿ ಹೋಗುವವರೂ ಇದು ಮಾಸ್ತರರ ಸಾಲು ಅಂತ ಗುರುತು ಹಿಡಿಯುತ್ತಿದ್ದರು. ಉಳಿದ ಹೊಲವನ್ನೆಲ್ಲ ಅಕ್ಕನೇ ಬಿತ್ತುತ್ತಿದ್ದರು, ನೂಲು ಹಿಡಿದಂತೆ.

ಆ ಅಧ್ಯಾಯ ಕೇಳಿ ಕಣದಲ್ಲಿದ್ದವರೆಲ್ಲ ಕಣ್ಣೊರೆಸಿಕೊಂಡರು. ಗುರುಶಾಂತಮ್ಮ ಮಾತ್ರ ಮೊರ ಕೆಳಗಿಟ್ಟು ಕೇಳಿದರು: "ತಮ್ಮಾ, ಆಕಿ ಕೂರಿಗಿ ಯಾಕ ಕೊಟ್ಟಳೋ? ಆಕಿಗಿ ಹೊಡ್ಯಾಕ ಬರ್ತಿದ್ದಿಲ್ಲೇನು?"

ಮಾಸ್ತರರು ಆ ಹಾಳೆಗಳನ್ನು ಮತ್ತೆ ಬಿಚ್ಚಿ ಕೂತರು. ಜ್ವರ ಬಂದು ಮಲಗಿದಾಗಲೂ ಅದೇ ಅಧ್ಯಾಯ ತಿದ್ದಿದರು. ಈಗ ಅಚ್ಚಾದದ್ದೇ ಬೇರೆ — ತಮ್ಮನೇ ಧೋತರದ ಉಡಿಯಲ್ಲಿ ಬೀಜ ಕಟ್ಟಿಕೊಂಡು ಹಿಂದೆ ನಡೆಯುತ್ತಾನೆ. ಅಕ್ಕ ಕೂರಿಗೆ ಹೊಡೆಯುತ್ತಾಳೆ, ಬೀಜ ಸಣ್ಣಗೆ ಬಿಡು ಎಂದು ಅವನನ್ನು ಗದರುತ್ತಾಳೆ. ಓದಿ ನಾನು ಕುಣಿಯುವುದೊಂದು ಬಾಕಿ.

ಈಗ ಮುಖ್ಯ ಮಾತು. ಉತ್ತರಿ ಮಳೆ ಬಿದ್ದು ಹೊಲ ಹದಕ್ಕೆ ಬಂದಿದೆ. ಗಂಡಸಿಲ್ಲದ ಮನೆ ಎಂದು, ಮೊದಲ ಸಾಲು ತಾವೇ ಹೊಡೆಯುವುದಾಗಿ ಗುರುಶಾಂತಮ್ಮನವರ ಕಾಕಾ ಸೈದಪ್ಪನವರು ಊರಲ್ಲಿ ಹೇಳಿದ್ದಾರೆ. ಕಾಕಾ, ನೀವು ಹಿರಿಯರು, ನಿಮ್ಮ ಮೇಲೆ ಗೌರವವಿದೆ. ಆದರೆ ಇವತ್ತು ನೀವು ಹೊಡೆದರೆ ನಾಳೆಯಿಂದ ಹೊಲ ಯಾರದಾಗುತ್ತದೆ ಅನ್ನುವುದು ಇಲ್ಲಿ ಕೂತವರಿಗೆಲ್ಲ ಗೊತ್ತು. ಮುಂಜಾನೆ ಗುರುಶಾಂತಮ್ಮನವರನ್ನು ಕೇಳಿದೆ. "ನಾ ಹೊಡಿತೇನ್ರಿ," ಅಂದರು. "ಆದ್ರ ಊರ ಮಂದಿ ಬ್ಯಾಡಂದ್ರ, ಎತ್ತಿನ ಮುಂದ ನಿಂತು ಜಗಳಾ ಆಡಾಕಿ ಅಲ್ಲ ನಾ."

ಸರಿ, ಊರ ಮಂದಿಯೇ ಹೇಳಲಿ. ಮಾಸ್ತರರ ನೆನಪಿಗೆ ಈಗ ಎದ್ದು ಮೌನವಾಗಿ ನಿಲ್ಲಬೇಕು. ಅಕ್ಕನ ಕೈಗೆ ಕೂರಿಗೆ ಬೇಡ ಅನ್ನುವವರು ಕೂತೇ ಇರಿ, ಯಾರೂ ಏನೂ ಅನ್ನುವುದಿಲ್ಲ. ಉಳಿದವರು ಏಳಿ.

— ತಾಯಂದಿರು ಎದ್ದರು. — ಕಟ್ಟೆಯ ಮೇಲಿನವರೂ ಎದ್ದರು. — ಕಾಕಾ? —

ಯಾರಾದರೂ ಕಾಕಾನಿಗೆ ಕೈ ಕೊಡಿ, ಅವರಿಗೆ ಮೊಣಕಾಲು ನೋವು. ಏಳುತ್ತಿದ್ದಾರೆ.

ಇನ್ನು ಸುಮ್ಮನೆ ನಿಲ್ಲೋಣ.