ಬಾಯಿ ಬಿಟ್ಟ ಮಣ್ಣಿನ ಗೊಂಬೆ

ಹೂಂಗುಟ್ಟುವವರು ಹತ್ತಿರ ಬನ್ನಿ, ತೂಕಡಿಸುವವರು ಗೋಡೆಗೆ ಒರಗಿ. ಹೆಸರು ಮರೆತುಹೋದ ಒಂದು ನಾಡಿನಲ್ಲಿ ಕುಂಬಾರ ಸಣ್ಣೀರಮ್ಮ ಅಂತ ಒಬ್ಬಳಿದ್ದಳು. ಮಡಕೆ ಮಾಡುವುದು ಹೊಟ್ಟೆಪಾಡಿಗೆ, ಗೊಂಬೆ ಮಾಡುವುದು ನಗುವುದಕ್ಕೆ. ಗೌಡನ ಹೊಟ್ಟೆ, ಪೂಜಾರಿಯ ಗೊರಕೆ, ಎಲ್ಲವೂ ಅವಳ ಆವಿಗೆಯಲ್ಲಿ ಬೆಂದು ಬರುತ್ತಿದ್ದವು. ಅವಳು ನಗಿಸದವರು ಊರಲ್ಲಿ ಇದ್ದರೇ? ಒಬ್ಬನಿದ್ದ. ಮರ ಕೆತ್ತುವ ಮೌನೇಶಾಚಾರಿ. ಹೆಂಡತಿ ತೀರಿಕೊಂಡ ಮೇಲೆ ಅವನು ನಕ್ಕಿದ್ದನ್ನು ಯಾರೂ ಕಾಣರು.

ಅವನು ಊರಮ್ಮನ ಹೊಸ ಮೂರ್ತಿಯನ್ನು ಹಲಸಿನ ಮರದಲ್ಲಿ ಕೆತ್ತಿದ್ದ. ಕಣ್ಣು ತೆರೆಸುವುದೊಂದೇ ಬಾಕಿ. ಅಲ್ಲಿನ ನಂಬಿಕೆ ಕೇಳಿ: ಕಣ್ಣು ತೆರೆದ ಅಮ್ಮ ಮೊದಲು ಕಾಣುವುದು ಕೆತ್ತಿದವನ ಮುಖ. ಆ ಮುಖ ಹೇಗೋ, ಆ ಮರ ಇರುವಷ್ಟು ಕಾಲ ಊರಿನ ಬಾಳೂ ಹಾಗೆ. ಹಳೆಯ ಅಮ್ಮ ಕಂಡಿದ್ದು ಸಿಟ್ಟಿನ ಮುಖ. ಊರಲ್ಲಿ ಜಗಳ ನಿಂತ ದಿನವೇ ಇರಲಿಲ್ಲ.

ಗೌಡ ಓಡಿಬಂದ. "ಸಣ್ಣೀರವ್ವ, ಹೆಂಗಾದ್ರೂ ಆಚಾರೀನ ನಗಿಸು. ಇಲ್ದಿದ್ರೆ ನಮ್ಮ ಮಕ್ಕಳುಮರಿಯೆಲ್ಲ ಅಳ್ತಾ ಬಾಳ್ಬೇಕು."

"ನಿಮ್ಮ ಹೊಟ್ಟೆ ಇರೋವಾಗ ಚಿಂತೆ ಯಾಕ್ರೀ ಗೌಡ್ರೇ?"

ಮೊದಲು ಗೌಡನನ್ನೇ ಮಾಡಿದಳು. ಹೊಟ್ಟೆ ಮುಂದೆ ಓಡುತ್ತಿದೆ, ಗೌಡ ಹಿಂದೆ. ಊರು ನಕ್ಕಿತು, ಆಚಾರಿ ನಗಲಿಲ್ಲ. ಆಮೇಲೆ ಆಚಾರಿಯನ್ನೇ ಮಾಡಿದಳು. ಕಿವಿಯ ಮೇಲೆ ಉಳಿ ಸಿಕ್ಕಿಸಿಕೊಂಡು ಉಳಿ ಹುಡುಕುವ ಆಚಾರಿ. ಊರು ನಕ್ಕಿತು, ಅವನು "ಚೆನ್ನಾಗಿದೆ" ಅಂದ. ಅಷ್ಟೇ.

ಅವಳಿಗೆ ರೇಗಿತು. "ಅಂಥದ್ದೇನು ಕೆತ್ತಿದ್ದೀರಿ, ತೋರಿಸಿ ಆಚಾರ್ರೇ!"

ಅವನು ಬಟ್ಟೆ ಸರಿಸಿದ.

ಏನು ಹೇಳಲಿ? ಮರದ ಗೆರೆಗಳು ಸೀರೆಯ ನೆರಿಗೆಯಾಗಿ ಇಳಿದಿದ್ದವು. ಮುಚ್ಚಿದ ರೆಪ್ಪೆ ಈಗ ಅಲುಗೀತು, ಇನ್ನೇನು ಅಲುಗೀತು ಅನ್ನುವಂತಿತ್ತು. ಸಣ್ಣೀರಮ್ಮ ನೋಡುತ್ತ ನಿಂತೇಬಿಟ್ಟಳು. ಊರನ್ನೆಲ್ಲ ಆಡಿಕೊಂಡವಳು ತನ್ನನ್ನು ತಾನು ಎಂದೂ ಮಾಡಿಕೊಂಡಿರಲಿಲ್ಲ. ಮನೆಗೆ ಹೋಗಿ ಮಣ್ಣು ತುಳಿದಳು.

ಕಣ್ಣು ತೆರೆಸುವ ದಿನ ಹೊಸ ಗೊಂಬೆಯೊಂದನ್ನು ತಂದಿಟ್ಟಳು. ಕೆದರಿದ ಕೂದಲು, ಅಗಲಿಸಿದ ಕಣ್ಣು, ಬಿಟ್ಟ ಬಾಯಿ, ತುಟಿಯ ಮೇಲೊಂದು ನೊಣ.

"ಯಾರವ್ವ ಇದು?" ಅಂದ ಆಚಾರಿ.

"ನಾನೇ. ಅಮ್ಮನ್ನ ಕಂಡಾಗ ಹಿಂಗೇ ಇದ್ದೆ."

"ಮತ್ತೆ ನೊಣ?"

"ಅದೂ ಅಮ್ಮನ್ನೇ ನೋಡೋಕೆ ಬಂದಿತ್ತು."

ಆಚಾರಿಯ ಮೀಸೆ ಅಲುಗಿತು. ಹೆಗಲು ಕುಲುಕಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಉಳಿ ಎಲ್ಲಿ, ಉಳಿ?" ಅಂತ ಗೌಡ ಕೂಗಿದ.

"ಕಿವಿ ಮೇಲೆ!" ಅಂದಿತು ಊರಿಗೆ ಊರೇ.

ನಗುತ್ತಲೇ ಅವನು ಕಣ್ಣು ತೆರೆಸಿದ.

ಆ ಗೊಂಬೆ ಇಂದಿಗೂ ಅಮ್ಮನ ಪಾದದ ಬಳಿ ಇದೆ. ಬಗ್ಗಿ ಕೈಮುಗಿದವರು ನೊಣ ನೋಡಿ ನಗುತ್ತಾರೆ. ತಲೆಯೆತ್ತುತ್ತಾರೆ. ಅಮ್ಮನನ್ನು ಕಂಡದ್ದೇ ನಗು ನಿಂತು, ಅವರ ಬಾಯಿಯೂ ಗೊಂಬೆಯ ಬಾಯಿಯಂತೆ ತೆರೆದುಕೊಳ್ಳುತ್ತದೆ.

ಆ ಬಾಯಿ ಅಲ್ಲಿ ತೆರೆದೇ ಇರಲಿ, ಈ ಬಾಯಿ ಇಲ್ಲಿಗೆ ಮುಚ್ಚಲಿ.